ಕಾಯಕವೂ ಕಾಯದ ಮಿತಿಯೂ

ದುಡಿಮೆಯನ್ನು ಕಾಯಕವೆಂದು ಗೌರವಿಸುವ ನಾವು ದುಡಿಯುವ ಕಾಯದ ಮಿತಿಯನ್ನೂ ಗೌರವಿಸಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ಹೃದ್ರೋಗದಿಂದ ಮರಣಿಸುವ ಅಪಾಯ ಶೇ. 17ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ತಿಳಿಸಿವೆ.

ಇದಕ್ಕೆ ಪರಿಹಾರವೆಂದು ಅನೇಕ ಸಂಸ್ಥೆಗಳು ವರ್ಷಕ್ಕೊಮ್ಮೆ ಯೋಗ ಶಿಬಿರವನ್ನೋ ಆರೋಗ್ಯ ತಪಾಸಣೆಯನ್ನೋ ಏರ್ಪಡಿಸುತ್ತವೆ. ಅವು ಒಳ್ಳೆಯವೇ. ಆದರೆ ಹೊರೆಯನ್ನು ಇಳಿಸದೆ, ಹೊರುವವರಿಗೆ ಪ್ರಾಣಾಯಾಮ ಕಲಿಸಿದರೆ ಫಲವೇನು? ಕೆಲಸದ ಸ್ಥಳದ ನಿರಂತರ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ತೀವ್ರ ಬಳಲಿಕೆ, ಕೆಲಸದಲ್ಲಿ ಜಿಗುಪ್ಸೆ, ಕಾರ್ಯಕ್ಷಮತೆಯ ಕುಸಿತ ತಲೆದೋರುತ್ತವೆ. ಇದನ್ನು ನೌಕರರ ಮನೋದೌರ್ಬಲ್ಯವೆಂದು ತಳ್ಳಿಹಾಕುವುದು ಅನ್ಯಾಯ. ನೌಕರರ ಮಾನಸಿಕ ಆರೋಗ್ಯ ಕಾಪಾಡಲು ಮೇಲಧಿಕಾರಿಗಳಿಗೇ ತರಬೇತಿ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದ್ದು ಈ ಕಾರಣದಿಂದಲೇ.

ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ಕಾರ್ಖಾನೆಗಳನ್ನು ಮುನ್ನಡೆಸುವವರಲ್ಲಿ ನಮ್ಮ ವಿನಂತಿಯಿಷ್ಟೆ. ಕೆಲಸ ಹಂಚುವ ಮುನ್ನ ದುಡಿಯುವ ಕೈಗಳೆಷ್ಟೆಂದು ಎಣಿಸಿರಿ. ರಜೆಯಲ್ಲಿರುವವರನ್ನು ದೂರವಾಣಿಯಲ್ಲಿ ಎಳೆಯದಿರಿ. ತಪ್ಪನ್ನು ತಾವಾಗಿಯೇ ಬಂದು ಹೇಳುವವರನ್ನು ಎಲ್ಲರೆದುರು ಗದರಿಸದಿರಿ. ಗದರಿಸಿದರೆ ಮುಂದಿನ ತಪ್ಪು ಮುಚ್ಚಿಹೋಗುತ್ತದೆ, ಸಂಕಷ್ಟ ಬಂದಾಗಲಷ್ಟೇ ಬಯಲಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತಾವೂ ಹೊತ್ತಿಗೆ ಸರಿಯಾಗಿ ಮನೆಗೆ ತೆರಳಿರಿ. ಮುಖ್ಯಸ್ಥರು ರಾತ್ರಿಯವರೆಗೆ ಕುಳಿತಿರುವ ಕಚೇರಿಯಲ್ಲಿ ಕೆಳಗಿನವರು ಏಳುವ ಧೈರ್ಯ ಮಾಡಲಾರರು.

ಇವುಗಳಿಗೆ ಹಣ ಬೇಕಿಲ್ಲ. ಜೊತೆಯಲ್ಲಿ ದುಡಿಯುವವರೂ ನಮ್ಮಂತೆಯೇ ದಣಿಯುವವರೆಂಬ ಅರಿವು ಬೇಕು.