ವಾಟರ್‌ಪ್ರೂಫ್ ಹಲಗೆ ಸರಿ, ಅದರ ಕೆಳಗಿನ ನೆಲ?

ಇನ್‌ಸ್ಟಾಗ್ರಾಂನಲ್ಲಿ ಮನೆ ಮೇಕೋವರ್ ರೀಲ್ಸ್ ನೋಡೋ ಅಭ್ಯಾಸ ಇದ್ದರೆ ಇದು ನಿಮ್ಮ ಕಣ್ಣಿಗೂ ಬಿದ್ದಿರುತ್ತೆ. ಮರದ ಹಲಗೆಯಂಥ ಪಟ್ಟಿಗಳನ್ನು ಟಕ್ ಟಕ್ ಅಂತ ಒಂದಕ್ಕೊಂದು ಸಿಕ್ಕಿಸ್ತಾ ಹೋಗ್ತಾರೆ. ಸಂಜೆಯೊಳಗೆ ಬಿಳಿ ಟೈಲ್ಸ್‌ನ ರೂಮು ರೆಸಾರ್ಟ್ ಥರ ಆಗಿಬಿಡುತ್ತೆ. ಕೊನೆಗೆ ಮೇಲೊಂದು ಲೋಟ ನೀರು ಸುರಿದು, ಒರೆಸಿ, "ನೂರಕ್ಕೆ ನೂರು ವಾಟರ್‌ಪ್ರೂಫ್" ಅಂತಾರೆ. ಮಾತು ಸುಳ್ಳಲ್ಲ. ಆದ್ರೆ ಅದು ಹಲಗೆಯ ಬಗ್ಗೆ ಆಡಿದ ಮಾತು, ನಿಮ್ಮ ನೆಲದ ಬಗ್ಗೆ ಅಲ್ಲ.

ಇದು ಏನು?

ವಿನೈಲ್ ಪ್ಲ್ಯಾಂಕ್ ಅಂದ್ರೆ ಪಿವಿಸಿಯಿಂದ ಮಾಡಿದ ಹಲಗೆ. ಈಗ ಹೆಚ್ಚು ಮಾರಾಟವಾಗೋದು ಎಸ್‌ಪಿಸಿ ಅನ್ನೋ ಗಟ್ಟಿ ಬಗೆ. ಅದರ ಒಳಪದರ ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ್ದು. ಅದರ ಮೇಲೆ ಮರದ ವಿನ್ಯಾಸ ಪ್ರಿಂಟ್ ಮಾಡಿದ ಹಾಳೆ, ಅದರ ಮೇಲೆ ಪಾರದರ್ಶಕ ರಕ್ಷಣಾ ಪದರ. ಒಟ್ಟು ದಪ್ಪ ಸಾಮಾನ್ಯವಾಗಿ 4ರಿಂದ 6 ಮಿ.ಮೀ. ಹಲಗೆಗಳು ಒಂದಕ್ಕೊಂದು ಲಾಕ್ ಆಗಿ ನೆಲದ ಮೇಲೆ ಸುಮ್ಮನೆ ಕೂತಿರುತ್ತವೆ, ನೆಲಕ್ಕೆ ಅಂಟಿಸಿರೋದಿಲ್ಲ.

ಇಷ್ಟವಾಗೋ ಕಾರಣಗಳು

ಮೊದಲನೆಯದು, ಒಡೆಯೋ ಕೆಲಸ ಇಲ್ಲ. ಹಳೇ ಟೈಲ್ಸ್ ಗಟ್ಟಿಯಾಗಿ, ಸಮವಾಗಿ ಇದ್ದರೆ ಅದರ ಮೇಲೇ ಹಾಸಬಹುದು. ಅಪಾರ್ಟ್‌ಮೆಂಟ್‌ನಲ್ಲಿ ಡ್ರಿಲ್ಲಿಂಗ್ ಸದ್ದು, ಧೂಳು, ಪಕ್ಕದ ಮನೆಯವರ ಸಿಟ್ಟು, ಎಲ್ಲವೂ ಉಳಿಯಿತು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ ಹಾಸಿಕೊಂಡು, ಬಿಟ್ಟು ಹೋಗುವಾಗ ಎತ್ತಿಕೊಂಡೂ ಹೋಗಬಹುದು.

ಡಿಸೆಂಬರ್ ಬೆಳಿಗ್ಗೆ ಗ್ರಾನೈಟ್ ಮೇಲೆ ಕಾಲಿಟ್ಟಾಗ ಜುಮ್ ಅನ್ನುತ್ತಲ್ಲ, ಇದರಲ್ಲಿ ಅಷ್ಟು ತಣ್ಣಗಾಗಲ್ಲ. ಮಂಡಿನೋವಿರೋ ಅಪ್ಪ ಅಮ್ಮನಿಗೆ, ತೆವಳೋ ಮಗುವಿಗೆ ಇದು ಹಿತ. ಇನ್ನು ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ನಿಜವಾದ ಮರ ಉಬ್ಬುತ್ತೆ, ಗೆದ್ದಲು ಹಿಡಿಯುತ್ತೆ. ಇದಕ್ಕೆ ಆ ಎರಡೂ ಭಯ ಇಲ್ಲ.

ನೀರು ಎಲ್ಲಿಂದ ಬರುತ್ತೆ?

ಅಸಲಿ ವಿಷಯ ಇಲ್ಲಿದೆ. ಚೆಲ್ಲಿದ ಕಾಫಿ ಒರೆಸಿದರೆ ಮುಗೀತು. ಆದ್ರೆ ವಾಷಿಂಗ್ ಮಷೀನ್ ಪೈಪ್ ಕಳಚಿದರೆ, ಆರ್‌ಓ ರಾತ್ರಿಯಿಡೀ ಸೋರಿದರೆ ನೀರು ಗೋಡೆಯಂಚಿನ ಸಂದಿನಿಂದ ಹಲಗೆಯ ಕೆಳಗೆ ಇಳಿಯುತ್ತೆ. ಟೈಲ್ಸ್ ಆದರೆ ನೀರು ಕಣ್ಣಿಗೆ ಕಾಣುತ್ತೆ, ಒರೆಸ್ತೀವಿ, ಫ್ಯಾನ್ ಹಾಕ್ತೀವಿ. ಇಲ್ಲಿ ಮೇಲೆ ಎಲ್ಲಾ ಚಂದ, ಕೆಳಗೆ ಒದ್ದೆ. ಒಳಗೆ ಹೋಗೋ ನೀರನ್ನು ಪೂರ್ತಿ ತಡೆಯದ ಹಲಗೆ, ಹೋದ ನೀರು ಆವಿಯಾಗಿ ಹೊರಗೆ ಬರೋದನ್ನ ಮಾತ್ರ ಚೆನ್ನಾಗಿ ತಡೆಯುತ್ತೆ. ಕೆಲವು ದಿನಕ್ಕೆ ಮುಗ್ಗಲು ವಾಸನೆ, ಬೂಷ್ಟು. ಕೆಳಗಿನ ಫ್ಲ್ಯಾಟ್‌ನವರ ಸೀಲಿಂಗ್‌ನಲ್ಲಿ ಕಲೆ ಮೂಡಿದ ಮೇಲೇ ನಿಮಗೆ ವಿಷಯ ಗೊತ್ತಾದರೂ ಆಶ್ಚರ್ಯವಿಲ್ಲ.

ಗ್ರೌಂಡ್ ಫ್ಲೋರ್ ಮನೆಗೆ ಇನ್ನೊಂದು ದಾರಿಯಿದೆ: ಮಣ್ಣಿನಿಂದ ಮೇಲೇರೋ ತೇವ. ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿ ಉದುರ್ತಾ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಹಾಸಿ ಮುಚ್ಚಿದರೆ ತೇವ ಹೋಗಲ್ಲ, ಮರೆಯಾಗುತ್ತೆ ಅಷ್ಟೇ. ವಾರಂಟಿಯನ್ನೂ ಓದಿ. ಕೆಳಗಿನಿಂದ ಬಂದ ತೇವಕ್ಕೆ ಸಾಮಾನ್ಯವಾಗಿ ಅದರಲ್ಲಿ ಜಾಗ ಇರೋದಿಲ್ಲ.

ಉಳಿದ ತೊಂದರೆಗಳು

ನಮ್ಮಲ್ಲಿ ಹಬ್ಬ ಬಂತು ಅಂದ್ರೆ ಬಕೆಟ್‌ಗಟ್ಟಲೆ ನೀರು ಸುರಿದು ನೆಲ ತೊಳೀತಾರೆ. ಇದರ ಮೇಲೆ ಅದು ಬೇಡ, ಚೆನ್ನಾಗಿ ಹಿಂಡಿದ ಮಾಪ್ ಸಾಕು. ಮನೆ ಕೆಲಸಕ್ಕೆ ಬರೋರಿಗೂ ಇದನ್ನ ಮೊದಲೇ ಹೇಳಿ. ದೇವರ ಮುಂದೆ ದೀಪ ಉರುಳಿದರೆ, ಊದುಬತ್ತಿಯ ಕೆಂಡ ಬಿದ್ದರೆ, ಬಿಸಿ ಕುಕ್ಕರ್ ಇಟ್ಟರೆ ಕಲೆ ಶಾಶ್ವತ. ಪಶ್ಚಿಮದ ಬಿಸಿಲು ನೇರವಾಗಿ ಬೀಳೋ ಬಾಲ್ಕನಿ ಬಾಗಿಲ ಹತ್ತಿರ ಬಣ್ಣ ಮಾಸುತ್ತೆ, ಹಲಗೆ ಹಿಗ್ಗುತ್ತೆ. ರಬ್ಬರ್ ತಳದ ಮ್ಯಾಟ್ ಹಾಕಿದರೆ ಹಳದಿ ಕಲೆ ಬೀಳಬಹುದು.

ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲ ವರ್ಷ ಕಳೆದಂತೆ ಹೊಳಪೇರುತ್ತೆ. ಮೊಸಾಯಿಕ್, ಗ್ರಾನೈಟ್ ಮಂಕಾದರೆ ಪಾಲಿಶ್ ಹಾಕಿಸಬಹುದು. ವಿನೈಲ್‌ನ ಮೇಲ್ಪದರ ಸವೆದರೆ ಪಾಲಿಶ್ ಇಲ್ಲ, ಹಲಗೆ ಬದಲಿಸಬೇಕು. ಕಿತ್ತ ಹಲಗೆಯ ರೀಸೈಕ್ಲಿಂಗೂ ಸುಲಭವಲ್ಲ.

ಹಾಸೋ ಮೊದಲು

* ಎರಡು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಟೈಲ್ಸ್ ಆದರೆ ಸಂದುಗಳು ಹಾಳೆಯ ಒಳಗೆ ಬರಲಿ. ಒಂದೆರಡು ದಿನ ಬಿಟ್ಟು ನೋಡಿ. ಒಳಗೆ ಹನಿ ಕಂಡರೆ ತೇವ ಇದೆ ಅಂತ ಅರ್ಥ. ಮಳೆಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೇದು.
* ನೆಲದ ಮಟ್ಟ ನೋಡಿಸಿ. 2 ಮೀಟರ್ ಉದ್ದಕ್ಕೆ ಸುಮಾರು 3 ಮಿ.ಮೀ.ಗಿಂತ ಹೆಚ್ಚು ಏರಿಳಿತ ಇದ್ದರೆ ನಡೆದಾಗ ಲಾಕ್ ಸಡಿಲವಾಗುತ್ತೆ.
* ಒಟ್ಟು ದಪ್ಪದ ಜೊತೆ ಮೇಲಿನ ರಕ್ಷಣಾ ಪದರದ ದಪ್ಪವನ್ನೂ ಕೇಳಿ. ನಾಯಿ, ಮಕ್ಕಳು, ಚಕ್ರದ ಕುರ್ಚಿ ಇರೋ ಮನೆಗೆ 0.5 ಮಿ.ಮೀ. ಒಳ್ಳೇದು. 0.3 ಮಿ.ಮೀ. ಮಲಗೋ ಕೋಣೆಗೆ ಸಾಕು.
* ಗೋಡೆಯಂಚಿಗೆ ಹಿಗ್ಗಲು ಜಾಗ ಬಿಡಿಸಿ. ಬಾಗಿಲ ಕೆಳಗೆ ಹಲಗೆ ಹೋಗುವಷ್ಟು ಸಂದಿದೆಯಾ ನೋಡಿ.
* ಫ್ಲೋರ್‌ಸ್ಕೋರ್‌ನಂಥ ಗಾಳಿ ಗುಣಮಟ್ಟದ ಪ್ರಮಾಣಪತ್ರ ಇದೆಯಾ ಕೇಳಿ. ಹಾಸಿದ ಮೇಲೆ ಕೆಲವು ದಿನ ಕಿಟಕಿ ತೆರೆದಿಡಿ.
* ಅದೇ ಬ್ಯಾಚಿನ ಒಂದು ಬಾಕ್ಸ್ ಹೆಚ್ಚುವರಿ ತೆಗೆದಿಟ್ಟುಕೊಳ್ಳಿ.

ಹಾಗಾದ್ರೆ ಹಾಕಿಸಬೇಕಾ?

ಬೆಡ್‌ರೂಮ್, ಹಾಲ್, ವರ್ಕ್ ಫ್ರಮ್ ಹೋಮ್ ಕೋಣೆಗೆ ಧಾರಾಳವಾಗಿ ಹಾಕಿಸಿ. ಬಾತ್‌ರೂಮ್, ಯುಟಿಲಿಟಿ, ಸಿಂಕ್ ಸುತ್ತಮುತ್ತ, ದೇವರ ಮನೆಗೆ ಟೈಲ್ಸ್ ಅಥವಾ ಕಲ್ಲೇ ಇರಲಿ. ಅಂಗಡಿಯವರು ಡೆಮೊಗೆ ನೀರಿನ ಲೋಟ ಎತ್ತಿಕೊಂಡಾಗ ಒಂದು ಪ್ರಶ್ನೆ ಕೇಳಿ: "ಅಂಚಿನಿಂದ ನೀರು ಕೆಳಗೆ ಹೋದರೆ ಹೇಗೆ ಒಣಗುತ್ತೆ?" ಅವರು ಕೊಡೋ ಉತ್ತರ ಕೇಳಿಕೊಂಡು ಅಡ್ವಾನ್ಸ್ ಕೊಡೋದಾ ಬೇಡ್ವಾ ಅಂತ ನಿರ್ಧಾರ ಮಾಡಿ.