ಹುಣಸೆಹಣ್ಣು ಹಚ್ಚುವ ಮುನ್ನ

ಬೋಧನಾಭ್ಯಾಸದ ಶಾಲೆಗಳಲ್ಲಿ ವಸ್ತುಪ್ರದರ್ಶನ ಬಂತೆಂದರೆ ‘ಮನೆಯಲ್ಲಿರುವ ಹಳೇ ನಾಣ್ಯ ತನ್ನಿ’ ಎಂದು ಮಕ್ಕಳಿಗೆ ಹೇಳುವುದು ರೂಢಿ. ಮಕ್ಕಳು ತರುತ್ತಾರೆ. ಅವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಥರ್ಮಾಕೋಲಿಗೆ ಅಂಟಿಸಿ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ‘ಬ್ರಿಟಿಷರ ಕಾಲದ ನಾಣ್ಯಗಳು’ ಎಂದು ಬರೆದರೆ ಕಲಿಕೋಪಕರಣ ಸಿದ್ಧ. ಅಂಕವೂ ಬರುತ್ತದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಯಾಗಿ ನನಗೆ ಈ ರೂಢಿಯ ಮೇಲೆ ತಕರಾರಿದೆ.

ಮೊದಲು ಹುಣಸೆಹಣ್ಣಿನ ವಿಷಯ. ಕಳೆಗುಂದಿದ ತಾಮ್ರದ ಪಾತ್ರೆಯನ್ನು ಹುಳಿ ಹಚ್ಚಿ ಏಕೆ ತೊಳೆಯುತ್ತಾರೆ ಎಂಬ ಪ್ರಶ್ನೆ ಹತ್ತನೆಯ ತರಗತಿಯ ಪಠ್ಯದಲ್ಲಿದೆ. ಉತ್ತರ ನಮಗೆಲ್ಲ ಬಾಯಿಪಾಠ: ಮೇಲಿನ ಹಸಿರು ಕಾರ್ಬೊನೇಟನ್ನು ಆಮ್ಲ ಕರಗಿಸುತ್ತದೆ. ಆದರೆ ಆ ಹಸಿರು ಹೊರಗಿನಿಂದ ಮೆತ್ತಿಕೊಂಡ ಕೊಳೆಯಲ್ಲ, ನಾಣ್ಯದ ಮೈಯ ತಾಮ್ರವೇ ಗಾಳಿ, ತೇವಕ್ಕೆ ಹಾಗಾಗಿರುವುದು. ಸವೆದ ಅಕ್ಷರದ ಅಂಚು ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತದೆ. ಪಾತ್ರೆಗೆ ಒಪ್ಪುವ ಉಪಚಾರ ನಾಣ್ಯಕ್ಕೆ ಒಪ್ಪುವುದಿಲ್ಲ.

ಇನ್ನು ಆ ಚೀಟಿ. ‘ಬ್ರಿಟಿಷರ ಕಾಲ’ ಎಂದು ಬೇರೆ ಊರಿನವರು ಬರೆದರೆ ನಡೆದೀತು, ನಮ್ಮ ಮೂರು ತಾಲ್ಲೂಕಿಗೆ ಅದು ಸಾಲದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಹನೂರೂ ಸೇರಿದಂತೆ ಅದು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಈಗ ಬಸ್ಸಿನಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾಟುವ ದಾರಿಯಲ್ಲಿ ಆಗ ಒಂದು ಗಡಿಯಿತ್ತು.

ಗಡಿಯ ಆಚೆ ಈಚೆ ಎರಡೂ ಕಡೆ 20 ಕಾಸಿನ ತಾಮ್ರದ ಬಿಲ್ಲೆಯಿತ್ತು. ಮದ್ರಾಸಿಗೆಂದು ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಒತ್ತಿದ 1808ರ ಬಿಲ್ಲೆಯ ಒಂದು ಬದಿಗೆ ಕಂಪನಿಯ ಲಾಂಛನ, ಇನ್ನೊಂದು ಬದಿಗೆ ಪಾರಸಿ ಬರಹ. (ಇವನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರಲ್ಲಿ ಇಂಗ್ಲೆಂಡಿನ ದಡ ಬಿಡುವ ಮೊದಲೇ ಮುಳುಗಿತು. ನಮ್ಮ ಸಂತೆಗಳಿಗೆ ಬರಬಹುದಾಗಿದ್ದ ಕಾಸು 1980ರ ದಶಕದಲ್ಲಿ ಸಮುದ್ರದ ಮರಳಿನಿಂದ ಮೇಲೆ ಬಂತು.) ಮುಮ್ಮಡಿ ಕೃಷ್ಣರಾಜ ಒಡೆಯರ ಬಿಲ್ಲೆಗಳಲ್ಲಾದರೋ ಆನೆ ಇಲ್ಲವೇ ಸಿಂಹ, ಜೊತೆಗೆ ‘ಮಯಿಲಿ ಕಾಸು’ ಎಂಬ ಕನ್ನಡ. ಮೈಸೂರಿನ ಈ ಟಂಕಸಾಲೆ 1843ರಲ್ಲಿ ನಿಂತಿತು. ಆನೆಯ ಕಾಸೊಂದು ಹನೂರಿನ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಅದು ಗಡಿ ದಾಟಿದ್ದು ಹೇಗೆ? ಹೆಣ್ಣು ಕೊಟ್ಟು ತಂದ ಸಂಬಂಧದಲ್ಲೋ, ಜಾತ್ರೆಯಲ್ಲೋ, ವ್ಯಾಪಾರದಲ್ಲೋ? ಗೊತ್ತಿದ್ದರೆ ಆ ಮನೆಯ ಅಜ್ಜಿಗೆ ಗೊತ್ತು. ಯಾರ ಮನೆಯದೆಂದು ಬರೆಯದೆ ಥರ್ಮಾಕೋಲಿಗೆ ಅಂಟಿಸಿದರೆ ಆ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ.

ವಿಜ್ಞಾನದ ಪಾಠಕ್ಕೆ ನಾಣ್ಯದಷ್ಟು ಒಳ್ಳೆಯ ಉಪಕರಣ ಕಡಿಮೆ. 1835ರಿಂದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ತೂಕ ಅಷ್ಟೇ ಇಟ್ಟು ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. 1947ರ ರೂಪಾಯಿ ನಿಕ್ಕಲ್ಲಿನದು, ಅಯಸ್ಕಾಂತಕ್ಕೆ ಪಟ್ಟನೆ ಅಂಟುತ್ತದೆ. ಮೊದಲೆರಡನ್ನು ಸಾಂದ್ರತೆಯಿಂದ ಬೇರ್ಪಡಿಸಬಹುದು, ಆದರೆ ನಮ್ಮ ಶಾಲೆಗಳ ಅಳತೆ ಜಾಡಿಯಿಂದ ಆಗದು. ಗಾತ್ರದ ವ್ಯತ್ಯಾಸ 0.1 ಮಿ.ಲೀ.ಗಿಂತ ಕಡಿಮೆ. ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಬೇಕು: ಹಳೆಯದು ಸುಮಾರು 1.13 ಗ್ರಾಂ ಕಳೆದುಕೊಳ್ಳುತ್ತದೆ, 1940ರದು ಸುಮಾರು 1.21. ಅಕ್ಕಸಾಲಿಗರು ಬಳಸುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಆರ್ಕಿಮಿಡೀಸನ ತತ್ವ ಮಕ್ಕಳ ಕೈಗೇ ಸಿಗುತ್ತದೆ. ಸರಕ್ಕೆ ಹಾಕಲು ಕೊಂಡಿ ಬೆಸೆದ ವಿಕ್ಟೋರಿಯಾ ರೂಪಾಯಿ ಬಂದರೆ ಇನ್ನೂ ಒಳ್ಳೆಯದು. ತೂಕ 11.66 ಬರುವುದಿಲ್ಲ, ಏಕೆ ಎಂದು ಮಕ್ಕಳೇ ಜಗಳಕ್ಕೆ ಬೀಳುತ್ತಾರೆ.

ಅಂಥ ಕೊಂಡಿಯ ರೂಪಾಯಿಯೊಂದನ್ನು ಒಂದು ಶಾಲೆಯಲ್ಲಿ ನೋಡಿದೆ. ಹನೂರು ಕಡೆಯ ಹುಡುಗಿ ತಂದದ್ದು, ಅವಳ ಅಜ್ಜಿಯ ಸರದ್ದು. ಪ್ರದರ್ಶನ ಮುಗಿದರೂ ಅದು ಬೀರುವಿನಲ್ಲೇ ಉಳಿಯಿತು. ಹುಡುಗಿ ಎರಡು ಸಲ ಕೇಳಿದಳು. ‘ಇರಲಿ ಬಿಡಮ್ಮ, ಶಾಲೆಯ ಸಂಗ್ರಹಕ್ಕೆ’ ಎಂಬ ಉತ್ತರ ಬಂತು. ಮೂರನೆಯ ಸಲ ಅವಳು ಕೇಳಲಿಲ್ಲ. ಮೇಷ್ಟ್ರಿಗೆ ಇಲ್ಲವೆನ್ನಲು ಯಾವ ಮಗುವಿಗೆ ಆದೀತು? ಕೂಲಿ ಮಾಡುವ ಮನೆಯಲ್ಲಿ ಬೆಳ್ಳಿ ರೂಪಾಯಿ ಆಸ್ತಿ, ಕಷ್ಟಕ್ಕೆ ಒತ್ತೆಯಿಡುವ ವಸ್ತು. ಸಂಗ್ರಹ ಎಂಬ ಹವ್ಯಾಸ ತಪ್ಪಲ್ಲ, ಅದನ್ನು ಸ್ವಂತ ದುಡ್ಡಿನಲ್ಲಿ ಮಾಡಬೇಕು.

‘ಬಿಟ್ಟರೆ ಕರಗಿಸಿಬಿಡುತ್ತಾರೆ, ಶಾಲೆಯಲ್ಲಾದರೂ ಉಳಿಯುತ್ತದೆ’ ಎನ್ನುವ ಹಿರಿಯರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಆದರೂ ಕರಗಿಸುವ ಹಕ್ಕು ಆ ಮನೆಯವರದು. ನಮ್ಮ ಪಾಲಿಗೆ ಎರಡೂ ಬದಿಯ ಫೋಟೊ, ತೂಕ, ಊರು, ಅಜ್ಜಿಯ ಮಾತು ಉಳಿದರೆ ಪಾಠಕ್ಕೆ ಸಾಕು.

ಎಲ್ಲವೂ ಕೈಗೆ ಸಿಗಬೇಕೆಂದೂ ಇಲ್ಲ. ಶ್ರೀರಂಗಪಟ್ಟಣದ ಗೆಲುವಿಗೆಂದು ಕಂಪನಿ ಹಂಚಿದ ಪದಕವನ್ನು ಪರದೆಯ ಮೇಲೆ ತೋರಿಸಿದರಾಯಿತು: ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿದ ಚಿತ್ರ. ದೊಡ್ಡವರಿಗೆ ಚಿನ್ನ, ಆಮೇಲೆ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಕೊಳ್ಳೇಗಾಲವನ್ನು ಕಂಪನಿಗೆ ಕೊಟ್ಟ ಯುದ್ಧವೇ ಅದು. ಲೋಹಗಳ ಪಾಠ ಅಲ್ಲಿಂದಲೂ ಶುರುವಾಗಬಹುದು.

ಮೇಲ್ವಿಚಾರಕರಲ್ಲಿ ನನ್ನ ಕೋರಿಕೆ ಸಣ್ಣದು. ಪಾಠಾವಲೋಕನದ ನಮೂನೆಯಲ್ಲಿ ಕಲಿಕೋಪಕರಣಕ್ಕೆ ಅಂಕ ಹಾಕುವ ಕಡೆ ಇನ್ನೆರಡು ಕಲಂ ಸೇರಿಸಿ: ತಂದ ವಸ್ತು ಯಾರ ಮನೆಯದು, ಅದು ಅಂದೇ ಸಂಜೆ ಮನೆಗೆ ಮರಳಿತೇ. ಎರಡನೆಯದರ ಎದುರು ಪೋಷಕರ ಸಹಿ ಇರಲಿ.