ಹೆಂಡತಿಗೆ ಸೂಜಿ, ಗಂಡನಿಗೆ ರಜಾ!

ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಬಸುರಿಯರು ತಾಯಿ ಕಾರ್ಡು ಹಿಡಿದು ಆಸ್ಪತ್ರೆಗೆ ಬರುವುದು ಈಗ ಹೊಸದೇನಲ್ಲ. ರಕ್ತ ಎಷ್ಟಿದೆ, ಸಕ್ಕರೆ ಇದೆಯೇ ಎಂದು ಬಸ್ಸಿನಲ್ಲೇ ಮಾತಾಡಿಕೊಳ್ಳುತ್ತಾರೆ. ಅದೇ ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಆಗಬೇಕೆಂದರೆ ಮಾತ್ರ ಎಲ್ಲರ ದನಿ ತಗ್ಗುತ್ತದೆ. ದನಿ ತಗ್ಗಿದಲ್ಲೇ ಅಪಾಯ.

ಸಿಫಿಲಿಸ್ ಎಂದರೆ ಹಿರಿಯರು ಪರಂಗಿ ಹುಣ್ಣು ಅನ್ನುತ್ತಿದ್ದ ರೋಗ. ಬಲು ಕಳ್ಳ ರೋಗ. ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಹುಣ್ಣು ಮಾಯಿತು, ರೋಗ ಹೋಯಿತು ಎಂದುಕೊಂಡರೆ ಅದು ರಕ್ತದಲ್ಲೇ ಕೂತಿರುತ್ತದೆ. ಬಸುರಿಗೆ ಚಿಕಿತ್ಸೆ ಆಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ದಿನ ತುಂಬದೆ ಹುಟ್ಟಬಹುದು, ಹುಟ್ಟುವಾಗಲೇ ರೋಗ ಹೊತ್ತು ಬರಬಹುದು.

ಮದ್ದು ದುಬಾರಿಯೇ? ಅದೂ ಅಲ್ಲ. ಹಳೆಯ ಪೆನಿಸಿಲಿನ್ನೇ ಸಾಕು. ರೋಗ ಹೊಸದಾದರೆ ಒಂದು ಸಲ, ಹಳೆಯದಾದರೆ ವಾರಕ್ಕೊಮ್ಮೆಯಂತೆ ಮೂರು ವಾರ. ತಾಯಿಗೆ ಕೊಟ್ಟ ಮದ್ದು ಮಗುವಿಗೂ ಮುಟ್ಟುತ್ತದೆ. ಆದರೆ ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಕೊಟ್ಟಿರಬೇಕು. ಎಚ್‌ಐವಿ ಇರುವ ತಾಯಿಗೆ ಮಾತ್ರೆ ಇಲ್ಲದಿದ್ದರೆ 100 ಕೂಸುಗಳಲ್ಲಿ 15ರಿಂದ 45ಕ್ಕೆ ಸೋಂಕು. ಮಾತ್ರೆ ನಡೆದರೆ 5ಕ್ಕಿಂತ ಕಮ್ಮಿ.

ಆದ್ದರಿಂದ ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ ಆಗಲಿ. ಸೀಮಂತ ಮುಗಿಯಲಿ ನೋಡೋಣ ಎಂದರೆ ಕೆಟ್ಟಿತು. ಚೊಚ್ಚಲ ಹೆರಿಗೆ ತವರಿನಲ್ಲಿ. ಮೊಳಕಾಲ್ಮೂರಿನ ಸೊಸೆ ಗಡಿಯಾಚೆ ರಾಯದುರ್ಗದ ಮಗಳಿರಬಹುದು. ಸೀರೆ ಗಂಟಿನ ಜತೆಗೆ ರಿಪೋರ್ಟೂ ಹೋಗದಿದ್ದರೆ ಅಲ್ಲಿನ ಡಾಕ್ಟರಿಗೆ ಏನು ಗೊತ್ತಾಗಬೇಕು?

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆದಿದೆ. ಆಕೆ ಬರುತ್ತಾಳೆ. ಗಂಡ ಮಹಾರಾಯ ಎಲ್ಲಿ? "ಅಂಗಡಿ ಬಿಟ್ಟು ಬರೋಕಾಗಲ್ಲ", "ನನಗೇನಾಗೈತೆ, ಗಟ್ಟಿಮುಟ್ಟಾಗಿದೀನಿ". ಹೆಂಡತಿಗೆ ಮದ್ದು ಕೊಟ್ಟು ಗಂಡನನ್ನು ಬಿಟ್ಟರೆ ತೂತು ಬಿಂದಿಗೆಗೆ ನೀರು ತುಂಬಿದಂತೆ. ಗುಣವಾದವಳಿಗೆ ಮತ್ತೆ ಅದೇ ರೋಗ. ಮೇಲಾಗಿ ಅತ್ತೆಯ ಮನೆಯಲ್ಲಿ ಅಪವಾದವೂ ಅವಳಿಗೇ! ರಿಪೋರ್ಟು ರೋಗ ಇದೆಯೆಂದು ಹೇಳೀತು; ಯಾರು ತಂದರೆಂದು ಹೇಳುವುದಿಲ್ಲ.

ಗುಟ್ಟು ರಟ್ಟಾಗುವ ಭಯ ಬೇಡವೆಂದೇ ಕಾನೂನಿದೆ. 2017ರ ಎಚ್‌ಐವಿ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಕೂಡದು, ಫಲಿತಾಂಶ ಹೊರಗೆ ಹೇಳಕೂಡದು.

ಇದೇ ತಾಲೂಕಿನ ಬಂಡೆಗಳ ಮೇಲೆ ಅಶೋಕ ಕೆತ್ತಿಸಿದ ಬುದ್ಧಿಮಾತುಗಳಲ್ಲಿ ಜೀವದಯೆಯೂ ಇದೆ, ಸತ್ಯ ನುಡಿಯಬೇಕೆಂಬುದೂ ಇದೆ. ಡಾಕ್ಟರ ಮುಂದೆ ಗಂಡಸರು ಎರಡನ್ನೂ ಪಾಲಿಸಬಹುದು. ಮುಂದಿನ 9ನೇ ತಾರೀಕು ಅಂಗಡಿ ಒಂದು ಗಂಟೆ ತಡವಾಗಿ ತೆರೆದರೆ ವ್ಯಾಪಾರವೇನೂ ಮುಳುಗದು.